ಗುಡ್ಡದ ಮೇಲೆ ವಿಶ್ವವಿದ್ಯಾಲಯ ಬೆಳೆಸಿದ ಗಣಿತದ ಮಾಸ್ತರು: ಡಿ.ಸಿ. ಪಾವಟೆ

ಬೈರಿದೇವರಕೊಪ್ಪ: ಪಿಯುಸಿ ರಿಸಲ್ಟ್ ಬಂತಂದ್ರೆ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಚರ್ಚೆ. ಮಗ ಬಿಎಸ್ಸಿ ಮಾಡಬೇಕೋ, ಇಂಜಿನಿಯರಿಂಗ್‌ಗೆ ಹೋಗಬೇಕೋ, ಇಲ್ಲಾ ಐದು ವರ್ಷದ ಲಾ ಕೋರ್ಸ್ ಹಿಡಿಯಬೇಕೋ ಅಂತ. ಚರ್ಚೆ ಏನೇ ಇರಲಿ, ಒಂದು ಮಾತು ಮಾತ್ರ ಖರೇ. ಚಿಗರಿ ಬಸ್ ಹತ್ತಿದರೆ ಇದರಲ್ಲಿ ಯಾವ ಕೋರ್ಸ್ ಬೇಕಾದರೂ ಅರ್ಧ ತಾಸಿನ ದಾರಿಯೊಳಗೇ ಸಿಗ್ತದೆ. ವಿದ್ಯಾನಗರದಲ್ಲಿ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ. ಉಣಕಲ್ ದಾಟಿ ನಮ್ಮ ಬೈರಿದೇವರಕೊಪ್ಪ ಮುಗಿಯೋದೇ ತಡ, ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಸತ್ತೂರಿನಲ್ಲಿ ಎಸ್‌ಡಿಎಂ. ಧಾರವಾಡಕ್ಕೆ ಹೋದರೆ ಕೃಷಿ ವಿಶ್ವವಿದ್ಯಾಲಯ, ಐಐಟಿ, ಐಐಐಟಿ. ಇವೆಲ್ಲದರ ಹಿರಿಯಕ್ಕನಂತೆ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯ, ಅಂದರೆ ನಮ್ಮ ಬಾಯಲ್ಲಿ ಕೆಯುಡಿ.

ಇಷ್ಟೆಲ್ಲ ಸಿಗೋ ಈ ದಾರಿಯಲ್ಲಿ ನೂರು ವರ್ಷದ ಹಿಂದೆ ಒಂದೇ ಒಂದು ವಿಶ್ವವಿದ್ಯಾಲಯ ಇರಲಿಲ್ಲ. ಪದವಿ ಬೇಕಂದ್ರೆ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಯನ್ನೇ ಪಾಸಾಗಬೇಕಿತ್ತು. ಆ ಕಾಲದಿಂದ ಈ ಕಾಲಕ್ಕೆ ನಾವು ಬಂದ ದಾರಿಯಲ್ಲಿ ಬಹಳ ಮಂದಿಯ ಬೆವರಿದೆ. ಅವರಲ್ಲಿ ಒಬ್ಬರ ಹೆಸರು ಕೆಯುಡಿ ಗಣಿತ ವಿಭಾಗದ ಹುಡುಗರಿಗೆ ಬೋರ್ಡಿನ ಮೇಲೆ ಕಾಣ್ತದೆ, ಕಾನೂನು ಓದುವವರಿಗೆ ಪಠ್ಯದ ಒಂದು ಮೊಕದ್ದಮೆಯ ಹಿಂದೆ ಅಡಗಿ ಕೂತಿರ್ತದೆ. ಎರಡೂ ಒಬ್ಬರೇ ಅನ್ನೋದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಅವರೇ ದಾದಪ್ಪ ಚಿಂತಪ್ಪ ಪಾವಟೆ.

ಮಮದಾಪುರದಿಂದ ಕೇಂಬ್ರಿಜ್‌ಗೆ

ಪಾವಟೆಯವರು ಹುಟ್ಟಿದ್ದು 1899ರ ಆಗಸ್ಟ್ 2ರಂದು, ಬೆಳಗಾವಿ ಜಿಲ್ಲೆ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ. ಅದೇ ವರ್ಷ ಪುಣೆ ಕಡೆಯ ರಘುನಾಥ ಪರಾಂಜಪೆ ಎಂಬ ತರುಣ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು ಸೀನಿಯರ್ ರ‍್ಯಾಂಗ್ಲರ್ ಆಗಿದ್ದರು. ಹಿಂದೂಸ್ಥಾನದವರೊಬ್ಬರು ಆ ಪಟ್ಟ ಗಿಟ್ಟಿಸಿದ್ದು ಅದೇ ಮೊದಲು. ಮುಂಬಯಿ ಪ್ರಾಂತದ ಶಾಲೆಗಳಲ್ಲಿ ಗಣಿತ ಚುರುಕಿದ್ದ ಹುಡುಗರ ಮುಂದೆಲ್ಲ ಆ ಹೆಸರನ್ನು ಎತ್ತಿ ಹೇಳೋ ಕಾಲ ಅದು.

ನಮ್ಮ ಸೀಮೆ ಆಗ ಹೆಂಗಿತ್ತು ಅನ್ನೋದನ್ನು ಸ್ವಲ್ಪ ಹೇಳಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತದ ದಕ್ಷಿಣದ ತುದಿ. ಮ್ಯಾಟ್ರಿಕ್ ಮುಗಿಸಿದ ಹುಡುಗ ಮುಂದೆ ಓದಬೇಕಂದ್ರೆ ಗಂಟುಮೂಟೆ ಕಟ್ಟಿಕೊಂಡು ಪುಣೆಗೋ ಮುಂಬಯಿಗೋ ಹೋಗಬೇಕು. ಊಟ, ರೂಮು, ಫೀ ಎಲ್ಲಾ ಹೊಂದಿಸೋದು ಒಕ್ಕಲುತನದ ಮನೆಗಳಿಗೆ ಆಗದ ಮಾತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಊರೂರು ತಿರುಗಿ ದೇಣಿಗೆ ಕೂಡಿಸಿ, ಸರ್ಕಾರದ ಬೆನ್ನು ಹತ್ತಿ, 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆಗೆಸಿದರು. ಮುಂದೆ ಆ ಕಾಲೇಜು ನೆಲೆಸಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹಳೇ ಮುಖ್ಯ ಕಚೇರಿಯಲ್ಲಿ. ರೈಲಿನ ಲೆಕ್ಕ ಬರೀತಿದ್ದ ಕೋಣೆಗಳಲ್ಲಿ ಹುಡುಗರು ಲಾಗರಿಥಮ್ ಕಲಿತರು. ಆ ಕಾಲೇಜು ಶುರುವಾದ ವರ್ಷ ಪಾವಟೆಯವರಿಗೆ ಹದಿನೆಂಟು. ಒಂದು ಪೀಳಿಗೆ ಮೊದಲು ಹುಟ್ಟಿದ್ದರೆ ಹಳ್ಳಿಯ ಈ ಹುಡುಗನ ಗಣಿತ ಹಳ್ಳಿಯಲ್ಲೇ ಮುಗೀತಿತ್ತೇನೋ.

ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದು ಅವರು ಹಡಗು ಹತ್ತಿದರು. ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜು ಸೇರಿ 1927ರಲ್ಲಿ ರ‍್ಯಾಂಗ್ಲರ್ ಆದರು. ರ‍್ಯಾಂಗ್ಲರ್ ಅಂದ್ರೆ ಅಲ್ಲಿನ ಮ್ಯಾಥಮ್ಯಾಟಿಕಲ್ ಟ್ರೈಪಾಸ್ ಅನ್ನೋ ಪರೀಕ್ಷೆಯ ಕೊನೇ ಹಂತದಲ್ಲಿ ಮೊದಲ ದರ್ಜೆ ಪಡೆದವರು. 1909ರ ನಂತರ ಮೊದಲನೆಯವರು, ಎರಡನೆಯವರು ಅಂತ ಕ್ರಮಾಂಕ ಹಚ್ಚಿ ಘೋಷಿಸೋದು ನಿಂತಿತ್ತು, ಆದರೆ ಆ ಪದದ ಗತ್ತು ಹಾಗೇ ಉಳಿದಿತ್ತು. ಇಲ್ಲೊಂದು ಸಣ್ಣ ಅಡ್ಡಮಾತು. ಸಿಡ್ನಿ ಸಸೆಕ್ಸ್ ಅಂದ್ರೆ ಆಲಿವರ್ ಕ್ರಾಮ್‌ವೆಲ್ ಓದಿದ ಕಾಲೇಜು. ರಾಜನ ವಿರುದ್ಧ ಪಾರ್ಲಿಮೆಂಟಿನ ಪರ ಯುದ್ಧ ಮಾಡಿ, ಕಡೆಗೆ 1653ರಲ್ಲಿ ಸೈನಿಕರನ್ನು ನುಗ್ಗಿಸಿ ಅದೇ ಪಾರ್ಲಿಮೆಂಟನ್ನು ಬರಖಾಸ್ತು ಮಾಡಿದ ಮನುಷ್ಯ. ಶಾಸನಸಭೆಯ ಬಾಗಿಲು ಯಾರು ಮುಚ್ಚಬೇಕು, ಯಾರು ತೆಗೆಯಬೇಕು ಅನ್ನೋ ಪ್ರಶ್ನೆ ನಲವತ್ತು ವರ್ಷ ಬಿಟ್ಟು ಮಮದಾಪುರದ ಈ ವಿದ್ಯಾರ್ಥಿಯ ಮೇಜಿಗೂ ಬಂದು ಬೀಳೋದಿತ್ತು.

ಊರಿಗೆ ಮರಳಿ ಕೆಲಕಾಲ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು. ಆಮೇಲೆ ಮುಂಬಯಿ ಸರ್ಕಾರದ ಶಿಕ್ಷಣ ಸೇವೆ. ಪಾಠದಿಂದ ಫೈಲಿಗೆ, ಫೈಲಿನಿಂದ ಮೇಲಿನ ಫೈಲಿಗೆ ಏರುತ್ತ, ಸ್ವಾತಂತ್ರ್ಯ ಬಂದ 1947ರಲ್ಲಿ ಪ್ರಾಂತದ ಶಿಕ್ಷಣ ನಿರ್ದೇಶಕರಾದರು. ಬಿ.ಜಿ. ಖೇರರ ಸರ್ಕಾರ ಪ್ರಾಥಮಿಕ ಶಿಕ್ಷಣದ ಹೊಸ ಕಾಯ್ದೆ ತಂದ ವರ್ಷವೂ ಅದೇ. ಗುಜರಾತಿನಿಂದ ಕಾರವಾರದವರೆಗೆ, ಗುಜರಾತಿ, ಮರಾಠಿ, ಕನ್ನಡ ಮೂರೂ ಭಾಷೆಯ ಶಾಲೆಗಳು ಅವರ ಕೈಕೆಳಗೆ. ಏಳು ವರ್ಷ ಆ ಕುರ್ಚಿಯಲ್ಲಿ ಕೂತವರಿಗೆ ಸರ್ಕಾರದಿಂದ ದುಡ್ಡು ಹೆಂಗ ಹೊರಡ್ತದೆ, ಎಲ್ಲಿ ಸಿಕ್ಕಿಕೊಳ್ತದೆ ಅನ್ನೋದು ಕರತಲಾಮಲಕ ಆಗಿತ್ತು. ಧಾರವಾಡದ ಅದೃಷ್ಟ ಅಂದ್ರೆ ಇದೇ ನೋಡ್ರಿ.

ಗುಡ್ಡ ಹತ್ತಿದ ಗಣಿತ

ಕರ್ನಾಟಕ ವಿಶ್ವವಿದ್ಯಾಲಯದ ಕಾಯ್ದೆ ಪಾಸಾಗಿದ್ದು 1949ರಲ್ಲಿ. ಕನ್ನಡಿಗರ ವಿಶ್ವವಿದ್ಯಾಲಯದ ಕಚೇರಿ ಮೊದಲು ತೆರೆದದ್ದು ಮುಂಬಯಿಯಲ್ಲಿ! 1950ರ ಮಾರ್ಚ್ 1ಕ್ಕೆ ಅದು ಧಾರವಾಡಕ್ಕೆ ಬಂತು. ಆರ್.ಎ. ಜಾಗೀರದಾರರು ಮೊದಲ ಕುಲಪತಿ, ನಂತರ ಸಿ.ಸಿ. ಹುಲಕೋಟಿಯವರು. ಕಾಯ್ದೆ ಕಾಗದದ ಮೇಲಿನ ವಿಶ್ವವಿದ್ಯಾಲಯವನ್ನು ನೆಲದ ಮೇಲೆ ಇಳಿಸೋ ಮೊದಲ ಕೆಲಸ ಇವರದು. 1954ರಲ್ಲಿ ಪಾವಟೆ ಬಂದರು. ಮುಂದೆ 1967ರವರೆಗೆ, ಹದಿಮೂರು ವರ್ಷ, ಅವರೇ ಕುಲಪತಿ. ಈಗಿನ ಕಾಯ್ದೆಯಲ್ಲಿ ಕುಲಪತಿಗೆ ನಾಲ್ಕೇ ವರ್ಷ. ಅದರಲ್ಲಿ ಒಂದು ವರ್ಷ ಸನ್ಮಾನಕ್ಕೆ ಹೋಗ್ತದೆ, ಕೊನೇ ವರ್ಷ ಮುಂದೆ ಯಾರು ಅನ್ನೋ ಸುದ್ದಿಗೆ ಹೋಗ್ತದೆ. ಹದಿಮೂರು ವರ್ಷ ಒಬ್ಬರ ಕೈಯಲ್ಲೇ ಅಧಿಕಾರ ಇರೋದು ಒಳ್ಳೇದೋ ಕೆಟ್ಟದ್ದೋ ವಾದ ಮಾಡಬಹುದು. ಆದರೆ ಇಂದು ಗುಡ್ಡದ ಮೇಲೆ ಇರೋ ಕಟ್ಟಡ, ವಿಭಾಗ, ಮರ ಯಾವುದನ್ನೇ ಹಿಡಿದು ಹಿಂದಕ್ಕೆ ಹೋದರೂ ದಾರಿ ಬಹುಮಟ್ಟಿಗೆ ಆ ಹದಿಮೂರು ವರ್ಷಕ್ಕೇ ಹೋಗಿ ನಿಲ್ತದೆ.

ಅವರು ಮಾಡಿದ ಕೆಲಸದ ತೂಕ ತಿಳಿಯಬೇಕಂದ್ರೆ ಎರಡು ಬಗೆಯ ವಿಶ್ವವಿದ್ಯಾಲಯಗಳ ನಡುವಿನ ಫರಕು ತಿಳಿಯಬೇಕು. ಒಂದು ಬಗೆಯದು ಕಾಲೇಜುಗಳಿಗೆ ಮಾನ್ಯತೆ ಕೊಟ್ಟು, ಪ್ರಶ್ನೆಪತ್ರಿಕೆ ತೆಗೆದು, ಸರ್ಟಿಫಿಕೇಟ್ ಹಂಚೋದು. ಅದಕ್ಕೆ ಒಂದು ಕಚೇರಿ, ಒಂದು ಸೀಲು, ಒಂದಷ್ಟು ಗುಮಾಸ್ತರು ಇದ್ದರೆ ಸಾಕು. ಇನ್ನೊಂದು, ತಾನೇ ಕಲಿಸೋದು, ತಾನೇ ಸಂಶೋಧನೆ ಮಾಡೋದು. ಮೊದಲನೆಯದಾಗಿಯೇ ಉಳಿದುಬಿಡೋದು ಸುಲಭ. ಕಲಾ ವಿಭಾಗವನ್ನು ನಾಲ್ಕು ಬೆಂಚು, ಒಬ್ಬ ಒಳ್ಳೇ ಮಾಸ್ತರು, ಒಂದು ಕಪಾಟು ಪುಸ್ತಕ ಇಟ್ಟುಕೊಂಡು ಶುರು ಮಾಡಬಹುದು. ವಿಜ್ಞಾನ ಹಂಗಲ್ಲ. ರಸಾಯನಶಾಸ್ತ್ರದ ಎಂಎಸ್ಸಿ ಅಂದ್ರೆ ಗ್ಯಾಸು, ನೀರು, ಗಾಜಿನ ಸಾಮಾನು, ವಿಷಗಾಳಿ ಹೊರಗೆ ಹೋಗೋ ವ್ಯವಸ್ಥೆ. ಭೌತಶಾಸ್ತ್ರಕ್ಕೆ ವಿದೇಶದಿಂದ ಬರೋ ಉಪಕರಣ. ಸಸ್ಯಶಾಸ್ತ್ರಕ್ಕೆ ತೋಟ, ಪ್ರಾಣಿಶಾಸ್ತ್ರಕ್ಕೆ ಸಂಗ್ರಹಾಲಯ, ಭೂವಿಜ್ಞಾನಕ್ಕೆ ಬಂಡೆ ಹುಡುಕಿ ತಿರುಗೋ ಖರ್ಚು. ಐವತ್ತರ ದಶಕದಲ್ಲಿ, ಎಲ್ಲ ಕಡೆ ಕೊರತೆಯೇ ಇದ್ದಾಗ, ಬೋಳು ಗುಡ್ಡದ ಮೇಲೆ ಇದನ್ನೆಲ್ಲ ಕಟ್ಟೋದು ಅಂದ್ರೆ ಸಣ್ಣ ಮಾತಲ್ಲ.

ಇಲ್ಲಿ ಅವರ ಹಳೇ ಅನುಭವ ಕೈಹಿಡಿಯಿತು, ಕಾಲವೂ ಕೂಡಿಬಂತು. ಯುಜಿಸಿ ಕೆಲಸ ಶುರು ಮಾಡಿದ್ದು 1953ರ ಕೊನೆಗೆ, ಅದಕ್ಕೆ ಕಾಯ್ದೆಯ ಬಲ ಬಂದಿದ್ದು 1956ರಲ್ಲಿ. ದಿಲ್ಲಿಯಲ್ಲಿ ದುಡ್ಡಿನ ಚೀಲ ಬಿಚ್ಚೋ ಹೊತ್ತಿಗೆ ಸರಿಯಾಗಿ ಧಾರವಾಡದಲ್ಲಿ ಯೋಜನೆ ಬರೆದು ಕಳಿಸೋದು ಗೊತ್ತಿದ್ದ ಮನುಷ್ಯ ಕೂತಿದ್ದರು. ನೂರಾರು ಎಕರೆ ಜಾಗದಲ್ಲಿ ಒಂದೊಂದೇ ಕಟ್ಟಡ ಎದ್ದವು. ಸ್ನಾತಕೋತ್ತರ ವಿಭಾಗಗಳು ಬಂದವು. ಗ್ರಂಥಾಲಯ ಬೆಳೆಯಿತು. ಮುಂಬಯಿ ಸರ್ಕಾರ 1939ರಲ್ಲಿ ಶುರು ಮಾಡಿದ್ದ ಕನ್ನಡ ಸಂಶೋಧನ ಸಂಸ್ಥೆ ವಿಶ್ವವಿದ್ಯಾಲಯದ ತೆಕ್ಕೆಗೆ ಸೇರಿತು. ಇಂಟರ್‌ಮೀಡಿಯೆಟ್ ಹೋಗಿ ಮೂರು ವರ್ಷದ ಡಿಗ್ರಿ ಬಂದದ್ದೂ ಇದೇ ಅವಧಿಯಲ್ಲಿ.

1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಹೊಣೆ ಇನ್ನೂ ಹೆಚ್ಚಿತು. ಆಗ ಇಡೀ ರಾಜ್ಯಕ್ಕೆ ಇದ್ದದ್ದು ಎರಡೇ ವಿಶ್ವವಿದ್ಯಾಲಯ, ಮೈಸೂರು ಮತ್ತು ಧಾರವಾಡ. ಹೈದರಾಬಾದ್ ಕಡೆಯಿಂದ ಬಂದ ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳ ಕಾಲೇಜುಗಳೂ ಧಾರವಾಡದ ಪಾಲಿಗೆ ಬಂದವು. ಬೀದರದ ಹುಡುಗನ ಮಾರ್ಕ್ಸ್‌ಕಾರ್ಡೂ ಕಾರವಾರದ ಹುಡುಗಿಯ ಮಾರ್ಕ್ಸ್‌ಕಾರ್ಡೂ ಒಂದೇ ಗುಡ್ಡದಿಂದ ಹೊರಡುತ್ತಿದ್ದವು.

ಇನ್ನೊಂದು ಸಂಗತಿ ಇಂದಿನವರಿಗೆ ಸೋಜಿಗ ಅನಿಸಬಹುದು. ಆಗ ಈ ಭಾಗದ ಎಲ್ಲ ವಿದ್ಯೆಗೂ ಒಂದೇ ಮನೆ. ಹುಬ್ಬಳ್ಳಿಯ ಬಿವಿಬಿ ಇಂಜಿನಿಯರಿಂಗ್ ಕಾಲೇಜು (1947), 1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಅಂದರೆ ನಮ್ಮ ಕೆಎಂಸಿ (ನಂತರ ಕಿಮ್ಸ್), 1963ರ ಬೆಳಗಾವಿಯ ಜೆಎನ್ ಮೆಡಿಕಲ್ ಕಾಲೇಜು, ಬೆಳಗಾವಿಯಲ್ಲಿ 1939ರಿಂದ ನಡೆದುಬಂದ ರಾಜಾ ಲಖಮಗೌಡ ಕಾನೂನು ಕಾಲೇಜು, ಎಲ್ಲದರ ಪದವಿಯೂ ಕರ್ನಾಟಕ ವಿಶ್ವವಿದ್ಯಾಲಯದ್ದೇ. ಅರವತ್ತರ ದಶಕದ ಮೊದಲಲ್ಲಿ ವಿಶ್ವವಿದ್ಯಾಲಯ ತನ್ನದೇ ಕಾನೂನು ಕಾಲೇಜನ್ನೂ ಧಾರವಾಡದಲ್ಲಿ ತೆರೆಯಿತು. ಮುಂದೆ ಅದಕ್ಕೆ ಹುಬ್ಬಳ್ಳಿಯ ವಕೀಲ, ಮುಂಬಯಿ ಪ್ರಾಂತದಲ್ಲಿ ಮಂತ್ರಿಯಾಗಿದ್ದ ಸರ್ ಸಿದ್ದಪ್ಪ ಕಂಬಳಿಯವರ ಹೆಸರಿಟ್ಟರು. ವೈದ್ಯ, ವಕೀಲ, ಇಂಜಿನಿಯರ್, ಕವಿ, ಎಲ್ಲರೂ ಒಂದೇ ಘಟಿಕೋತ್ಸವದಲ್ಲಿ ಗೌನು ಹಾಕಿಕೊಂಡು ಸಾಲಾಗಿ ಕೂರುತ್ತಿದ್ದ ಕಾಲ.

ಪಾವಟೆಯವರು ಖಡಕ್ ಆಡಳಿತಗಾರ ಅನ್ನೋ ಹೆಸರು ಪಡೆದವರು. ಕುಲಪತಿ ಇದ್ದಾಗಲೇ ಶಿಕ್ಷಣಾಡಳಿತದ ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ತಂದರು. ಭಾರತ ಸರ್ಕಾರದ ಪದ್ಮಭೂಷಣವೂ ಸಂದಿತು. ಇಷ್ಟಕ್ಕೇ ನಿಂತಿದ್ದರೂ ಅವರದು ತುಂಬಿದ ಬದುಕೇ ಆಗಿರುತ್ತಿತ್ತು. ಆದರೆ ಅರವತ್ತೆಂಟನೇ ವಯಸ್ಸಿಗೆ, ಮಂದಿ ಮೊಮ್ಮಕ್ಕಳ ಜೋಡಿ ಕೂರೋ ಹೊತ್ತಿಗೆ, ಅವರನ್ನು ದೇಶದ ಅತಿ ಬಿಸಿ ಕುರ್ಚಿಗಳಲ್ಲೊಂದಕ್ಕೆ ಕಳಿಸಲಾಯಿತು.

ಚಂಡೀಗಢದ ಆ ಮಾರ್ಚ್ ತಿಂಗಳು

1967ರ ಅಕ್ಟೋಬರ್ 16ರಂದು ಪಾವಟೆ ಪಂಜಾಬಿನ ರಾಜ್ಯಪಾಲರಾದರು. ಪಂಜಾಬ್ ಒಡೆದು ಹರಿಯಾಣ ಬೇರೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗುರನಾಂ ಸಿಂಗ್ ನೇತೃತ್ವದ ಸಂಯುಕ್ತ ರಂಗದ ಸರ್ಕಾರ ಇತ್ತು. ನವೆಂಬರಿನಲ್ಲೇ ಲಛ್ಮನ್ ಸಿಂಗ್ ಗಿಲ್ ತಮ್ಮ ಗುಂಪು ಕಟ್ಟಿಕೊಂಡು ಹೊರಬಂದರು, ಸರ್ಕಾರ ಬಿತ್ತು. ಸಭೆ ವಿಸರ್ಜಿಸಿ ಚುನಾವಣೆ ನಡೆಸಿ ಅಂತ ಗುರನಾಂ ಸಿಂಗ್ ಕೇಳಿದರು. ಪಾವಟೆ ಒಪ್ಪಲಿಲ್ಲ. ಕಾಂಗ್ರೆಸ್ಸಿನ ಬೆಂಬಲ ಇದ್ದ ಗಿಲ್ ಅವರನ್ನು ಮುಖ್ಯಮಂತ್ರಿ ಮಾಡಿದರು. ಪಕ್ಷಾಂತರ ತಡೆ ಕಾಯ್ದೆ ಬಂದದ್ದು 1985ರಲ್ಲಿ, ಆಗ ಅಂಥ ಯಾವ ಲಗಾಮೂ ಇರಲಿಲ್ಲ ಅನ್ನೋದು ನೆನಪಿರಲಿ.

ಮುಂದಿನ ಮಾರ್ಚಿನಲ್ಲಿ ಬಜೆಟ್ ಅಧಿವೇಶನ. ಸದನದಲ್ಲಿ ಗದ್ದಲವೋ ಗದ್ದಲ. ಮಾರ್ಚ್ 7ರಂದು ಸ್ಪೀಕರ್ ಜೋಗಿಂದರ್ ಸಿಂಗ್ ಮಾನ್ ಸದನವನ್ನು ಎರಡು ತಿಂಗಳ ಮಟ್ಟಿಗೆ ಮುಂದೂಡಿ ಎದ್ದು ಹೋದರು. ಎರಡು ತಿಂಗಳು ಅಂದ್ರೆ ಮೇ ತಿಂಗಳು. ಹಣಕಾಸಿನ ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಶಾಸನಸಭೆ ಒಪ್ಪದೆ ಖಜಾನೆಯಿಂದ ಒಂದು ರೂಪಾಯಿಯನ್ನೂ ತೆಗೆಯೋ ಹಾಗಿಲ್ಲ, ಇದು ಸಂವಿಧಾನದ ಮಾತು. ಅಂದರೆ ಏಪ್ರಿಲ್ 1ರಿಂದ ಪಂಜಾಬಿನಲ್ಲಿ ಮಾಸ್ತರನ ಪಗಾರ ಇಲ್ಲ, ಪೊಲೀಸನ ಪಗಾರ ಇಲ್ಲ, ಆಸ್ಪತ್ರೆಗೆ ಔಷಧಿ ಇಲ್ಲ. ಅದೂ ಪಾಕಿಸ್ತಾನದ ಗಡಿಗೆ ಹೊಂದಿದ ರಾಜ್ಯ, 1965ರ ಯುದ್ಧ ಮುಗಿದು ಮೂರು ವರ್ಷವೂ ಆಗಿರಲಿಲ್ಲ.

ಆಗ ನಡೆದದ್ದನ್ನು ತಾರೀಖಿನ ಪ್ರಕಾರ ನೋಡಬೇಕು. ಮಾರ್ಚ್ 11ರಂದು ರಾಜ್ಯಪಾಲರು ಸದನದ ಅಧಿವೇಶನವನ್ನೇ ಮುಕ್ತಾಯ ಮಾಡಿದರು. ಸ್ಪೀಕರ್ ಮುಂದೂಡಿದ್ದು ಒಂದು ಬೈಠಕ್ಕನ್ನು. ರಾಜ್ಯಪಾಲರು ಮುಗಿಸಿದ್ದು ಇಡೀ ಅಧಿವೇಶನವನ್ನು. ಅಧಿವೇಶನವೇ ಮುಗಿದ ಮೇಲೆ ಮುಂದೂಡಿಕೆಗೆ ಅರ್ಥ ಉಳಿಯೋದಿಲ್ಲ, ಇದು ಅದರ ಹಿಂದಿನ ಲೆಕ್ಕ. ಸದನ ನಡೀತಿರಲಿಲ್ಲವಾದ್ದರಿಂದ ಸುಗ್ರೀವಾಜ್ಞೆ ತರೋ ದಾರಿಯೂ ತೆರೆಯಿತು. ಮಾರ್ಚ್ 13ರಂದು ಸುಗ್ರೀವಾಜ್ಞೆ ಬಂತು. ಹಣಕಾಸಿನ ಕೆಲಸ ಮುಗಿಯೋವರೆಗೆ ಸದನದ ಒಪ್ಪಿಗೆ ಇಲ್ಲದೆ ಅದನ್ನು ಮುಂದೂಡುವಂತಿಲ್ಲ ಅನ್ನೋದು ಅದರ ತಿರುಳು. 14ರಂದು, 18ಕ್ಕೆ ಸದನ ಸೇರಬೇಕೆಂಬ ಆದೇಶ. 18ರಂದು ಸದನ ಸೇರಿತು. ಸ್ಪೀಕರ್ ಇದು ಒಪ್ಪತಕ್ಕದ್ದಲ್ಲ, ನನ್ನ ಮೊದಲಿನ ಆದೇಶವೇ ನಿಲ್ಲುತ್ತದೆ ಅಂತ ತೀರ್ಪು ಕೊಟ್ಟು ಹೊರನಡೆದರು. ಡೆಪ್ಯೂಟಿ ಸ್ಪೀಕರ್ ಕುರ್ಚಿಯಲ್ಲಿ ಕೂತು ಗದ್ದಲದ ನಡುವೆಯೇ ಧನವಿನಿಯೋಗ ಮಸೂದೆಗಳನ್ನು ಪಾಸು ಮಾಡಿಸಿದರು. ಪಗಾರ ಉಳಿಯಿತು.

ಗಣಿತದವರಿಗೆ ಇದರಲ್ಲಿ ಒಂದು ರುಚಿ ಸಿಗಬಹುದು. ಸಿಕ್ಕಿಬಿದ್ದ ಲೆಕ್ಕವನ್ನು ಅದರ ಒಳಗಿಂದ ಬಿಡಿಸಲಾಗದಿದ್ದಾಗ ಅದಕ್ಕಿಂತ ದೊಡ್ಡ ಸಮೀಕರಣದೊಳಗೆ ಇಟ್ಟು ಬಿಡಿಸೋದು. ಹಂಗಂತ ಇದೆಲ್ಲ ಪಾವಟೆಯವರೊಬ್ಬರ ತಲೆಯಿಂದ ಬಂತು ಅನ್ನೋ ಹಾಗಿಲ್ಲ. ಮಂತ್ರಿಮಂಡಲದ ಸಲಹೆ ಇತ್ತು, ಕಾನೂನು ಅಧಿಕಾರಿಗಳೂ ಇದ್ದರು. ಆದರೆ ಸಹಿ ಅವರದು. ಬೈಗುಳ ಬಿದ್ದದ್ದೂ ಅವರಿಗೇ.

ಸತ್ಯಪಾಲ್ ಡಾಂಗ್ ಎಂಬ ಅಮೃತಸರದ ಕಮ್ಯುನಿಸ್ಟ್ ಶಾಸಕರು ಮೊದಲಾದವರು ಕೋರ್ಟಿಗೆ ಹೋದರು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಪೂರ್ಣ ಪೀಠದ ಬಹುಮತ ರಾಜ್ಯಪಾಲರ ವಿರುದ್ಧ ಹೋಯಿತು. ಅಂದರೆ ಬಜೆಟ್ಟೇ ಅಸಿಂಧು! ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ 1968ರ ಜುಲೈ 30ರಂದು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಅಧಿವೇಶನ ಮುಕ್ತಾಯ ಮಾಡೋ 174ನೇ ವಿಧಿಯ ಅಧಿಕಾರಕ್ಕೆ ಸ್ಪೀಕರ್ ಮುಂದೂಡಿಕೆ ಅಡ್ಡಿಯಲ್ಲ, 209ನೇ ವಿಧಿಯಂತೆ ಶಾಸನಸಭೆ ಮಾಡಬಹುದಾದ ಕಾನೂನನ್ನು 213ನೇ ವಿಧಿಯ ಸುಗ್ರೀವಾಜ್ಞೆಯ ಮೂಲಕವೂ ತರಬಹುದು, ಬಿಕ್ಕಟ್ಟು ಬಿಡಿಸಲು ಮಾಡಿದ್ದರಲ್ಲಿ ದುರುದ್ದೇಶ ಕಾಣೋದಿಲ್ಲ ಎಂಬುದು ತೀರ್ಪಿನ ಸಾರ. ಪಂಜಾಬ್ ರಾಜ್ಯ ವಿರುದ್ಧ ಸತ್ಯಪಾಲ್ ಡಾಂಗ್ ಅನ್ನೋ ಈ ಪ್ರಕರಣವನ್ನು ಸಂವಿಧಾನ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ನವನಗರದ ಕ್ಯಾಂಪಸ್ಸಿನಲ್ಲಿ ಕೂತು ಅದರ ನೋಟ್ಸ್ ಬರೆಯೋ ಹುಡುಗ ಹುಡುಗಿಯರಿಗೆ ಇಷ್ಟು ಹೇಳಿದರೆ ಸಾಕು: ಆ ರಾಜ್ಯಪಾಲ ಬೇರೆ ಯಾರೋ ಅಲ್ಲ, ಇಲ್ಲಿಂದ ಹತ್ತಾರು ಕಿಲೋಮೀಟರ್ ಆಚೆ ಗುಡ್ಡದ ಮೇಲೆ ನಿಮ್ಮ ಅಪ್ಪ, ಅಜ್ಜ ಓದಿದ ವಿಶ್ವವಿದ್ಯಾಲಯ ಬೆಳೆಸಿದವರು.

ಅವರನ್ನು ಪೂರಾ ಹೊಗಳಿ ಕೂರೋ ಹಾಗೂ ಇಲ್ಲ. 1967ರಲ್ಲಿ ಗುರನಾಂ ಸಿಂಗ್ ಸಭೆ ವಿಸರ್ಜಿಸಿ ಅಂದಾಗ ಒಪ್ಪದ ಪಾವಟೆ, 1971ರ ಜೂನ್‌ನಲ್ಲಿ ಪ್ರಕಾಶ್ ಸಿಂಗ್ ಬಾದಲ್ ಅದನ್ನೇ ಕೇಳಿದಾಗ ಒಪ್ಪಿದರು. ಎರಡಕ್ಕೂ ಅವರ ಹತ್ತಿರ ಕಾರಣ ಇರಬಹುದು. ಆದರೆ ರಾಜ್ಯಪಾಲರ ವಿವೇಚನೆ ಅನ್ನೋದು ಎಷ್ಟು ಅಗಲ ಇರಬೇಕು ಅನ್ನೋ ಚರ್ಚೆ ಬಂದಾಗಲೆಲ್ಲ ಈ ಎರಡು ತೀರ್ಮಾನಗಳನ್ನು ಪಕ್ಕಪಕ್ಕ ಇಟ್ಟು ಕೇಳೋರು ಇದ್ದೇ ಇದ್ದಾರೆ. ಗಿಲ್ ಸರ್ಕಾರವನ್ನು ಉಳಿಸಲಿಕ್ಕೇ ಇಷ್ಟೆಲ್ಲ ಕಸರತ್ತು ಆಯಿತು ಅನ್ನೋ ಟೀಕೆಯೂ ಇತ್ತು. ಆ ಸರ್ಕಾರವಂತೂ ಕೋರ್ಟಿನ ತೀರ್ಪು ಬಂದ ತಿಂಗಳೊಳಗೇ ಬಿತ್ತು. ಕಾಂಗ್ರೆಸ್ ಕೈಬಿಟ್ಟಿತು, 1968ರ ಆಗಸ್ಟ್ 23ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು.

ರಾಷ್ಟ್ರಪತಿ ಆಳ್ವಿಕೆ ಅಂದ್ರೆ ರಾಜ್ಯಪಾಲರದೇ ಆಡಳಿತ. 1969ರಲ್ಲಿ ಚಂಡೀಗಢ ಯಾರಿಗೆ ಸೇರಬೇಕು ಅನ್ನೋ ಹೋರಾಟದಲ್ಲಿ ದರ್ಶನ್ ಸಿಂಗ್ ಫೇರುಮಾನ್ 74 ದಿನ ಉಪವಾಸ ಮಾಡಿ ಪ್ರಾಣ ಬಿಟ್ಟರು. ಗುರುನಾನಕರ 500ನೇ ಜಯಂತಿಯ ನೆನಪಿಗೆ ಅಮೃತಸರದಲ್ಲಿ ಹೊಸ ವಿಶ್ವವಿದ್ಯಾಲಯ ಶುರುವಾದದ್ದೂ ಅದೇ ವರ್ಷ. ಬಾದಲ್ ಹೋದ ಮೇಲೆ 1971ರ ಜೂನ್‌ನಿಂದ 1972ರ ಮಾರ್ಚ್‌ವರೆಗೆ ಮತ್ತೆ ರಾಷ್ಟ್ರಪತಿ ಆಳ್ವಿಕೆ. ಬಾಂಗ್ಲಾದೇಶದ ಯುದ್ಧ ನಡೆದದ್ದು ಈ ಅವಧಿಯಲ್ಲೇ. 1971ರ ಡಿಸೆಂಬರಿನಲ್ಲಿ ಗಡಿಯಾಚೆಯಿಂದ ಗುಂಡು ಬೀಳೋವಾಗ ಪಂಜಾಬಿನಲ್ಲಿ ಮುಖ್ಯಮಂತ್ರಿ ಇರಲಿಲ್ಲ. ಎಪ್ಪತ್ತೆರಡು ವಯಸ್ಸಿನ, ಗೋಕಾಕ ಸೀಮೆಯ ಗಣಿತದ ಮಾಸ್ತರು ಇದ್ದರು. 1973ರ ಮೇ ತಿಂಗಳಲ್ಲಿ ಅಧಿಕಾರ ಬಿಟ್ಟು ಬಂದ ಮೇಲೆ ಆ ದಿನಗಳ ಬಗ್ಗೆಯೂ ಒಂದು ಪುಸ್ತಕ ಬರೆದರು. ಎಪ್ಪತ್ತರ ದಶಕದ ಕೊನೆಗೆ ತೀರಿಕೊಂಡರು.

ಒಂದು ಮನೆ, ಈಗ ಎಷ್ಟು ಒಲೆ

ಪಾವಟೆಯವರು ಬೆಳೆಸಿದ ಮನೆ ಆಮೇಲೆ ಪಾಲಾಗುತ್ತ ಬಂತು. ಕಲಬುರ್ಗಿ ಕಡೆಯ ಕಾಲೇಜುಗಳಿಗೆ 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ. 1986ರಲ್ಲಿ ಧಾರವಾಡಕ್ಕೆ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ. ವೈದ್ಯಕೀಯ ಕಾಲೇಜುಗಳು 1996ರಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋದವು. ಇಂಜಿನಿಯರಿಂಗ್ 1998ರಲ್ಲಿ ಬೆಳಗಾವಿಯ ವಿಟಿಯುಗೆ. ಕಾನೂನು 2009ರಲ್ಲಿ ನಮ್ಮ ನವನಗರಕ್ಕೆ. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, 2023ರಲ್ಲಿ ಹಾವೇರಿಗೂ ಒಂದು.

ಇದರಿಂದ ಲಾಭ ಇಲ್ಲ ಅಂತಲ್ಲ. ರಾಜ್ಯದ ಎಲ್ಲ ಕಾನೂನು ಕಾಲೇಜುಗಳ ಮುಖ್ಯ ಕಚೇರಿ ಬೆಂಗಳೂರಿಗೆ ಹೋಗದೆ ಹುಬ್ಬಳ್ಳಿಗೆ ಬಂದದ್ದು ನಮಗೆ ಹೆಮ್ಮೆಯೇ. ಪರೀಕ್ಷೆ, ಸಿಲಬಸ್ ಒಂದೇ ವಿಷಯದವರ ಕೈಯಲ್ಲಿದ್ದರೆ ಅಚ್ಚುಕಟ್ಟು. ಆದರೆ ಕಳಕೊಂಡದ್ದೂ ಇದೆ ಅಂತ ನಮಗನಿಸ್ತದೆ, ಪರಿಸರದ ವಿಷಯ ಬಂದಾಗ ಅದು ಎದ್ದು ಕಾಣ್ತದೆ.

ಪಾವಟೆಯವರ ಕಾಲದಲ್ಲಿ ಪರಿಸರ ಅಂತ ಪ್ರತ್ಯೇಕ ಕೋರ್ಸ್ ಇರಲಿಲ್ಲ. ಗಿಡದ ಬಗ್ಗೆ ಸಸ್ಯಶಾಸ್ತ್ರದವರು, ನೀರಿನ ಗುಣದ ಬಗ್ಗೆ ರಸಾಯನಶಾಸ್ತ್ರದವರು, ನೆಲದ ಬಗ್ಗೆ ಭೂವಿಜ್ಞಾನದವರು ಓದುತ್ತಿದ್ದರು. ಅವರು ಹೋದ ನಂತರ 1975ರಲ್ಲಿ ವಿಶ್ವವಿದ್ಯಾಲಯ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರೋ ಜಾಗದ ಹತ್ತಿರ, ಕಡಲ ಜೀವಶಾಸ್ತ್ರದ ಕೇಂದ್ರ ಶುರು ಮಾಡಿತು. ಗುಡ್ಡದ ಮೇಲಿನ ವಿಶ್ವವಿದ್ಯಾಲಯ ಸಮುದ್ರದವರೆಗೂ ಕೈಚಾಚಿದ್ದು ಸೊಗಸೇ. ಅಷ್ಟರಲ್ಲಿ ಕಾನೂನೂ ಬೆಳೆಯುತ್ತಿತ್ತು: 1974ರಲ್ಲಿ ಜಲ ಕಾಯ್ದೆ, 1976ರಲ್ಲಿ ಸಂವಿಧಾನಕ್ಕೆ ಪರಿಸರ ರಕ್ಷಣೆಯ ವಿಧಿಗಳು, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಶಿಕ್ಷಣದ ಕಡ್ಡಾಯ ವಿಷಯ ಮಾಡಬೇಕೆಂದು ಹೇಳಿತು. ಅದರ ಬಾಲ ಹಿಡಿದೇ ಇಂದು ಬಿಎ, ಬಿಕಾಂ ಓದೋರಿಗೂ ಪರಿಸರ ಅಧ್ಯಯನದ ಪೇಪರ್ ಇರೋದು. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಲಾ ಕೋರ್ಸಿನಲ್ಲೂ ಪರಿಸರ ಕಾನೂನು ಕಡ್ಡಾಯ ಪೇಪರ್.

ಈಗ ನಮ್ಮ ಉಣಕಲ್ ಕೆರೆಯನ್ನೇ ನೋಡ್ರಿ. ಬೈರಿದೇವರಕೊಪ್ಪದವರಿಗೆ ಅದರ ಬಗ್ಗೆ ಹೇಳೋದೇ ಬೇಡ. ಅಂತರಗಂಗೆ ಹಬ್ಬಿದಾಗ ಕೆರೆಯೋ ಹುಲ್ಲುಗಾವಲೋ ಗೊತ್ತಾಗೋದಿಲ್ಲ. ಆ ಕಳೆ ಯಾಕೆ ಬೆಳೀತದೆ ಅನ್ನೋದನ್ನು ಸಸ್ಯಶಾಸ್ತ್ರದವರು ಹೇಳಬೇಕು. ಚರಂಡಿ ನೀರಿನಲ್ಲಿ ಏನಿದೆ ಅನ್ನೋದನ್ನು ರಸಾಯನಶಾಸ್ತ್ರದವರು ಅಳೆಯಬೇಕು. ನೀರು ಶುದ್ಧ ಮಾಡೋ ಘಟಕದ ನಕ್ಷೆ ಇಂಜಿನಿಯರು ಹಾಕಬೇಕು. ಯಾರು ಹೊಣೆ, ಯಾವ ಕಾಯ್ದೆಯಲ್ಲಿ ಯಾರಿಗೆ ನೋಟಿಸ್ ಕೊಡಬೇಕು ಅನ್ನೋದನ್ನು ವಕೀಲರು ನೋಡಬೇಕು. ಈ ನಾಲ್ವರೂ ಈಗ ಒಂದೇ ವಿಶ್ವವಿದ್ಯಾಲಯದ ಹುಡುಗರಲ್ಲ. ಒಂದೇ ಚಿಗರಿ ಬಸ್ಸಿನಲ್ಲಿ ಕೆರೆಯ ಪಕ್ಕದಲ್ಲೇ ಹಾದು ಹೋಗ್ತಾರೆ, ಆದರೆ ಒಂದೇ ಕ್ಲಾಸಿನಲ್ಲಿ ಕೂರೋದಿಲ್ಲ. ಒಂದೇ ಸೂರಿನಡಿ ಇದ್ದಾಗ ಇವರು ದಿನಾ ಕೂಡಿ ಕೆಲಸ ಮಾಡುತ್ತಿದ್ದರು ಅಂತ ನಾವು ಹೇಳೋದಿಲ್ಲ. ಕ್ಯಾಂಟೀನಿನಲ್ಲಿ ಸಿಕ್ಕು ಮಾತಾಡೋ ಸಾಧ್ಯತೆಯಾದರೂ ಇತ್ತು.

ಪಾವಟೆಯವರ ಹೆಸರು ಈಗ ಉಳಿದಿರೋದು ಕೆಲವೇ ಕಡೆ. ಕೆಯುಡಿಯ ಗಣಿತ ವಿಜ್ಞಾನಗಳ ಸಂಸ್ಥೆಗೆ ಅವರ ಹೆಸರಿದೆ. ಅವರ ನೆನಪಿನ ಫೆಲೋಶಿಪ್ ಮೂಲಕ ಇಲ್ಲಿನವರು ಅವರದೇ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ ಕೆಲಕಾಲ ಅಧ್ಯಯನ ಮಾಡಿ ಬರೋ ಏರ್ಪಾಡೂ ನಡೆದುಬಂದಿದೆ. ಇನ್ನು ಸತ್ಯಪಾಲ್ ಡಾಂಗ್ ಪ್ರಕರಣ. ಸುಪ್ರೀಂ ಕೋರ್ಟಿನ ವರದಿಗಳಲ್ಲಿ ಹುಡುಕೋರಿಗೆ ಗುರುತು: ಎಐಆರ್ 1969, ಪುಟ 903. ನವನಗರದ ಲೈಬ್ರರಿಗೆ ಹೋಗೋರು ಒಮ್ಮೆ ತೆಗೆದು ಓದಬಹುದು.